ಶೋಕವೂ ಕರುಣವೂ: ದೈನ್ಯದ ಛಾಯಾಚಿತ್ರವನ್ನು ತಿದ್ದುವ ಮಿತಿ

ಭಾರತೀಯ ಕಾವ್ಯಮೀಮಾಂಸಕರು ಶೋಕಕ್ಕೂ ಕರುಣಕ್ಕೂ ನಡುವೆ ಒಂದು ಗೆರೆಯನ್ನೆಳೆದರು. ಶೋಕವು ಲೋಕದ್ದು, ಒಬ್ಬನ ಎದೆಯನ್ನು ಸುಡುವಂಥದು. ಕರುಣವು ಕಾವ್ಯದ್ದು, ಸಹೃದಯನು ಆಸ್ವಾದಿಸುವಂಥದು. ಒಂದು ಇನ್ನೊಂದಾಗಬೇಕಾದರೆ ದುಃಖವು ದುಃಖಿತನಿಂದ ಬಿಡಿಸಿಕೊಳ್ಳಬೇಕು. ಇವನ ನೋವು, ಅವನ ನೋವು ಎಂಬ ಭೇದವು ಅಳಿಯಬೇಕು. ಈ ವ್ಯಾಪಾರಕ್ಕೆ ಸಾಧಾರಣೀಕರಣವೆಂದು ಹೆಸರು. ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ 1953ರಲ್ಲಿ ಪ್ರಕಟವಾದಂದಿನಿಂದ ಈ ವಿಚಾರವು ಕನ್ನಡ ಓದುಗರಿಗೆ ಚಿರಪರಿಚಿತವಾಗಿದೆ. ಕಾವ್ಯದಲ್ಲಿ ಗುಣವೆನಿಸಿದ ಸಾಧಾರಣೀಕರಣವು, ಹಸಿವು ಸಾವುಗಳನ್ನು ದಾಖಲಿಸುವ ಛಾಯಾಚಿತ್ರದಲ್ಲಿಯೂ ಗುಣವೇ ಆದೀತೆ? ಅಂಥ ಚಿತ್ರವನ್ನು ಎಷ್ಟರಮಟ್ಟಿಗೆ ತಿದ್ದಬಹುದೆಂಬ ವಾದದ ಬೇರು ಈ ಪ್ರಶ್ನೆಯಲ್ಲಿದೆ.

ಸೀತೆಯ ದುಃಖವನ್ನು ಕವಿಯು ಎಷ್ಟು ತಿದ್ದಿ ತೀಡಿದರೂ ಸೀತೆಗೆ ಕೇಡಿಲ್ಲ. ಛಾಯಾಚಿತ್ರದಲ್ಲಿರುವ ದುಃಖಿತೆಯ ಮಾತು ಬೇರೆ. ಆಕೆಗೆ ಹೆಸರಿದೆ, ಊರಿದೆ, ಮಕ್ಕಳಿದ್ದಾರೆ. ಚಿತ್ರವು ಅಚ್ಚಾದ ಮೇಲೆ ಬದುಕಬೇಕಾದ ವರ್ಷಗಳಿವೆ. ಆಕೆಯ ಚಿತ್ರವು ಕೃತಿಯೂ ಹೌದು, ಸಾಕ್ಷ್ಯವೂ ಹೌದು. ಕೃತಿಯನ್ನು ತಿದ್ದುವ ಹಕ್ಕು ಕಲಾವಿದನದು. ಸಾಕ್ಷ್ಯವನ್ನು ತಿದ್ದುವ ಹಕ್ಕು ಯಾರದು?

ಇದಕ್ಕೆ ಅತ್ಯಂತ ಪ್ರಸಿದ್ಧವಾದ ನಿದರ್ಶನವೆಂದರೆ ಡೊರೊಥಿಯಾ ಲ್ಯಾಂಗ್ 1936ರಲ್ಲಿ ತೆಗೆದ, ‘ವಲಸೆಯ ತಾಯಿ’ ಎಂಬ ಅರ್ಥದ ಹೆಸರಿನಿಂದ ಲೋಕವಿಖ್ಯಾತವಾದ ಚಿತ್ರ. ಕ್ಯಾಲಿಫೋರ್ನಿಯಾದ ನಿಪೋಮೋ ಎಂಬಲ್ಲಿ ಬಟಾಣಿಯ ಬೆಳೆ ಕೆಟ್ಟುಹೋಗಿ, ಕೊಯ್ಲಿಗೆಂದು ಬಂದ ಕೂಲಿಗಳು ಬೀಡಿನಲ್ಲಿ ಹಸಿದು ಕುಳಿತಿದ್ದರು. ಲ್ಯಾಂಗ್ ಅಮೆರಿಕ ಸರ್ಕಾರದ ಪುನರ್ವಸತಿ ಇಲಾಖೆಗಾಗಿ ಕೆಲಸ ಮಾಡುತ್ತಿದ್ದಳು. ಒಂದೇ ಭೇಟಿಯಲ್ಲಿ ಹಲವು ಚಿತ್ರಗಳನ್ನು ತೆಗೆದಳು. ದೂರದಿಂದ ತೆಗೆದವುಗಳಲ್ಲಿ ಹರಕು ಡೇರೆಯಿದೆ, ಹೊರಗೆ ಕುಳಿತ ಹಿರಿಯ ಮಗಳಿದ್ದಾಳೆ. ಪ್ರಸಿದ್ಧವಾದ ಚಿತ್ರದಲ್ಲಿ ಇವಾವುವೂ ಇಲ್ಲ. ಮುಖ ತಿರುಗಿಸಿಕೊಂಡು ತಾಯಿಯ ಹೆಗಲಿಗೊರಗಿದ ಇಬ್ಬರು ಮಕ್ಕಳು, ಮಡಿಲಲ್ಲಿ ಕೂಸು, ಗಲ್ಲದ ಬಳಿ ಕೈಯಿಟ್ಟು ದೂರಕ್ಕೆ ನೋಡುವ ತಾಯಿ: ಇಷ್ಟೇ.

ಈ ಚಿತ್ರದ ಕೆಳಗಡೆ ಬಲ ಮೂಲೆಯಲ್ಲಿ, ಡೇರೆಯ ಗೂಟವನ್ನು ಹಿಡಿದ ಒಂದು ಹೆಬ್ಬೆರಳು ಮಸುಕಾಗಿ ಕಾಣುತ್ತಿದ್ದಿತು. ಕೆಲವು ವರ್ಷಗಳ ತರುವಾಯ ಲ್ಯಾಂಗ್ ಅದನ್ನು ನೆಗೆಟಿವಿನಲ್ಲಿಯೇ ಅಳಿಸಲು ಏರ್ಪಡಿಸಿದಳು. ಇಲಾಖೆಯ ಛಾಯಾಚಿತ್ರ ವಿಭಾಗದ ಮುಖ್ಯಸ್ಥನಾದ ರಾಯ್ ಸ್ಟ್ರೈಕರನಿಗೆ ಇದು ಸರಿದೋರಲಿಲ್ಲ. ದಾಖಲೆಯೆಂದ ಮೇಲೆ ಬೆರಳೂ ದಾಖಲೆಯೇ ಎಂಬುದು ಅವನ ನಿಲುವು. ಅಳಿಸಿದ ನೆಗೆಟಿವಿನಲ್ಲಿ ಆ ಬೆರಳಿನ ನೆರಳು ಇಂದಿಗೂ ತೆಳುವಾಗಿ ಕಾಣುತ್ತದೆ. ಆದರೆ ಇದೇ ಸ್ಟ್ರೈಕರನು ತನಗೆ ಒಪ್ಪಿಗೆಯಾಗದ ನೆಗೆಟಿವುಗಳಿಗೆ ತೂತು ಹೊಡೆದು ಕೆಡಿಸುತ್ತಿದ್ದನು. ಒಂದು ಹೆಬ್ಬೆರಳನ್ನು ಅಳಿಸುವುದು ದೋಷ, ಇಡೀ ಚಿತ್ರವನ್ನೇ ಅಳಿಸುವುದು ಸಂಪಾದನೆ ಎಂಬ ಈ ತರ್ಕವು ವಿಚಾರಾರ್ಹವಾದುದು.

ಹೆಬ್ಬೆರಳಿನ ವಿಷಯವಾಗಿ ನಡೆದ ಚರ್ಚೆಯು ಅದಕ್ಕಿಂತಲೂ ದೊಡ್ಡದಾದ ತಿದ್ದುಪಡಿಯನ್ನು ಮರೆಸಿತು. ಚಿತ್ರದ ಅಡಿಬರಹದಲ್ಲಿ ಏಳು ಮಕ್ಕಳ ತಾಯಿ ಎಂದಿತ್ತು, ವಯಸ್ಸು 32 ಎಂದಿತ್ತು, ಹೆಸರು ಇರಲಿಲ್ಲ. ಹೆಸರನ್ನಾಗಲಿ ಪೂರ್ವವೃತ್ತಾಂತವನ್ನಾಗಲಿ ತಾನು ಕೇಳಲಿಲ್ಲವೆಂದು ಲ್ಯಾಂಗ್ 1960ರಲ್ಲಿ ಬರೆದಳು. ಆಹಾರಕ್ಕಾಗಿ ಆಕೆಯು ಕಾರಿನ ಟೈರುಗಳನ್ನು ಮಾರಿದ್ದಳೆಂದೂ ಅಲ್ಲಿಯೇ ಹೇಳಿದಳು. 1978ರಲ್ಲಿ ಆ ತಾಯಿಯ ಗುರುತು ಹೊರಬಿದ್ದಿತು. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಆಕೆಯ ಹೆಸರು, ಚೆರೊಕೀ ಮೂಲದವಳು. ಟೈರು ಮಾರಿದ ಸಂಗತಿಯು ಸುಳ್ಳೆಂದು ಆ ಕುಟುಂಬವು ಹೇಳಿತು. ಚಿತ್ರದಿಂದ ತನಗೆ ಒಂದು ಕಾಸೂ ಬರಲಿಲ್ಲವೆಂದು ಆಕೆಯು ನೊಂದು ನುಡಿದಳು. ಚಿತ್ರವು ಪತ್ರಿಕೆಯಲ್ಲಿ ಬಂದೊಡನೆ ಸರ್ಕಾರವು ಆ ಬೀಡಿಗೆ ಆಹಾರವನ್ನು ಕಳುಹಿಸಿದ್ದು ನಿಜ. ಅಷ್ಟರಲ್ಲಿ ಆಕೆಯ ಸಂಸಾರವು ಅಲ್ಲಿಂದ ಮುಂದೆ ಹೊರಟುಹೋಗಿದ್ದಿತು. ಚಿತ್ರದಿಂದ ಉಪಕಾರವಾದುದು ಬೀಡಿನ ಇತರರಿಗೆ. ಹೆಸರಿಲ್ಲದ ಪ್ರತಿಮೆಯಾಗಿ ನಾಲ್ಕು ದಶಕ ನಿಂತವಳು ಆಕೆ. ಇದಲ್ಲವೆ ಸಾಧಾರಣೀಕರಣ? ಬೆರಳನ್ನು ಅಳಿಸಿದ್ದರಿಂದ ಆಕೆಗಾದ ನಷ್ಟವು ಅಲ್ಪ; ಹೆಸರನ್ನು ಕೇಳದೆಹೋದುದರಿಂದ ಆದುದು ಅಪಾರ.

ಹಾಗೆಂದ ಮಾತ್ರಕ್ಕೆ ಬೆರಳಿನ ಪ್ರಶ್ನೆಯು ಕ್ಷುಲ್ಲಕವೆನ್ನುವಂತಿಲ್ಲ. ಅದೇ 1936ರಲ್ಲಿ ಅದೇ ಇಲಾಖೆಯ ಆರ್ಥರ್ ರಾಥ್‌ಸ್ಟೀನನು ದಕ್ಷಿಣ ಡಕೋಟದಲ್ಲಿ, ಬಿರುಕುಬಿಟ್ಟ ನೆಲದ ಮೇಲೆ ಬಿದ್ದಿದ್ದ ದನದ ತಲೆಬುರುಡೆಯೊಂದನ್ನು ಕೆಲವು ಅಡಿಗಳಷ್ಟು ಸರಿಸಿ, ಬೇರೆ ಬೇರೆ ಹಿನ್ನೆಲೆಯಲ್ಲಿ ಚಿತ್ರಗಳನ್ನು ತೆಗೆದನು. ಬುರುಡೆಯು ನಿಜ, ಬರವೂ ನಿಜ. ಆದರೆ ಅದು ಅಧ್ಯಕ್ಷ ಚುನಾವಣೆಯ ವರ್ಷ. ಬುರುಡೆಯನ್ನು ಸರಿಸಿದ ಸಂಗತಿಯನ್ನು ವಿರೋಧಿ ಪತ್ರಿಕೆಗಳು ಕಂಡುಹಿಡಿದು, ಇಲಾಖೆಯ ಕಾರ್ಯವೆಲ್ಲವೂ ಕಪಟವೆಂದು ಸಾರಿದವು. ಛಾಯಾಗ್ರಾಹಕನು ಮಾಡಿದ ಸಣ್ಣ ತಪ್ಪಿನ ದಂಡವನ್ನು ತೆರಬೇಕಾದವರು ಬರದಲ್ಲಿ ಬೆಂದ ರೈತರು. ದೈನ್ಯದ ಚಿತ್ರವನ್ನು ನಂಬಲೊಲ್ಲದವರು ಯಾವ ಕಾಲದಲ್ಲಿಯೂ ಇದ್ದಾರೆ. ಅವರಿಗೆ ಬೇಕಾದುದು ಒಂದು ನೆಪ. ಹೆಬ್ಬೆರಳೊಂದೇ ಆ ನೆಪಕ್ಕೆ ಸಾಕು.

ಇನ್ನು ಏನನ್ನೂ ಅಳಿಸದ ಚಿತ್ರವೆಲ್ಲವೂ ಸತ್ಯವೆನ್ನಬಹುದೆ? ಇದಕ್ಕೆ ಉತ್ತರವು ಕನ್ನಡ ನಾಡಿನ ನೆನಪಿಗೆ ಹತ್ತಿರದಲ್ಲಿಯೇ ಇದೆ. ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ, ಎಂದರೆ 1876ರಿಂದ 1878ರವರೆಗೆ, ಮೈಸೂರು ಸೀಮೆಯೂ ಬಳ್ಳಾರಿಯೂ ತತ್ತರಿಸಿದವು. 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರಿನ ಜನಸಂಖ್ಯೆಯು 1881ರಲ್ಲಿ 42 ಲಕ್ಷಕ್ಕೆ ಇಳಿದಿದ್ದಿತು. ಈ ಕ್ಷಾಮದ ಕಾಲದಲ್ಲಿ ಮದರಾಸು ಸೈನ್ಯದ ಅಧಿಕಾರಿಯಾದ ಡಬ್ಲ್ಯೂ. ಡಬ್ಲ್ಯೂ. ಹೂಪರ್ ಕ್ಷಾಮಪೀಡಿತರ ಚಿತ್ರಗಳನ್ನು ತೆಗೆದನು. ಅಸ್ಥಿಪಂಜರಗಳಂತಾದ ಜನರನ್ನು ಗುಂಪಾಗಿ ಕೂರಿಸಿ ನಿಲ್ಲಿಸಿ, ಮಸೂರದತ್ತ ಮುಖಮಾಡಿಸಿ ತೆಗೆದ ಚಿತ್ರಗಳವು. ಇಲ್ಲಿ ಯಾರ ಬೆರಳನ್ನೂ ಅಳಿಸಿಲ್ಲ. ಒಂದೊಂದು ಪಕ್ಕೆಲುಬನ್ನೂ ಎಣಿಸಬಹುದು. ಆದರೂ ಅವು ಮನುಷ್ಯರ ಚಿತ್ರಗಳೆಂಬುದಕ್ಕಿಂತ ಹಸಿವಿನ ಮಾದರಿಗಳ ಸಂಗ್ರಹವೆಂಬಂತೆ ತೋರುತ್ತವೆ. ತಿದ್ದುವಿಕೆಯು ನೆಗೆಟಿವಿನ ಮೇಲೆ ನಡೆದಿಲ್ಲ. ಮನುಷ್ಯರ ಮೇಲೆ, ಗುಂಡಿಯೊತ್ತುವುದಕ್ಕೆ ಮುಂಚೆಯೇ ನಡೆದಿದೆ.

ಇದಕ್ಕೆ ಪ್ರತಿಯಾಗಿ 1943ರ ಬಂಗಾಳದ ಕ್ಷಾಮವನ್ನು ನೋಡಬಹುದು. ಸುನಿಲ್ ಜಾನಾ ಅವರ ಛಾಯಾಚಿತ್ರಗಳೂ ಚಿತ್ತಪ್ರಸಾದರ ರೇಖಾಚಿತ್ರಗಳೂ ಕಮ್ಯೂನಿಸ್ಟ್ ಪಕ್ಷದ ಪತ್ರಿಕೆಯ ಮೂಲಕ ಆ ಕ್ಷಾಮವನ್ನು ದೇಶದ ಕಣ್ಣಿಗೆ ತಂದವು. ಮಿಡ್ನಾಪುರ ಜಿಲ್ಲೆಯಲ್ಲಿ ಸಂಚರಿಸಿ ಚಿತ್ತಪ್ರಸಾದರು ರಚಿಸಿದ ‘ಹಂಗ್ರಿ ಬೆಂಗಾಲ್’ ಎಂಬ ಪುಸ್ತಕವನ್ನು ಬ್ರಿಟಿಷ್ ಸರ್ಕಾರವು ವಶಪಡಿಸಿಕೊಂಡು ಸುಡಿಸಿತು. ಬಳಿಕ ಹಲವಾರು ವರ್ಷ ಮುಂಬಯಿಯಲ್ಲಿಯೇ ನೆಲಸಿದ ಈ ಕಲಾವಿದರ ಕೈಗೆ ಬಿಡುವ, ಕೂಡಿಸುವ, ಕಪ್ಪನ್ನು ಗಾಢಗೊಳಿಸುವ ಸ್ವಾತಂತ್ರ್ಯವೆಲ್ಲವೂ ಇದ್ದಿತು. ಕುಂಚಕ್ಕೆ ನೆಗೆಟಿವಿನ ಕಟ್ಟಿಲ್ಲ. ಆದರೂ ಅವರು ಹಲವು ಚಿತ್ರಗಳೊಡನೆ ಆ ವ್ಯಕ್ತಿಯ ಹೆಸರನ್ನೂ ಊರನ್ನೂ ಬರೆದಿಟ್ಟರು. ಸಂಪೂರ್ಣವಾಗಿ ಕೈಯಿಂದಲೇ ಮೂಡಿದ ಚಿತ್ರವು, ಏನನ್ನೂ ಅಳಿಸದ ಹೂಪರನ ಛಾಯಾಚಿತ್ರಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹವಾದುದು ಈ ಕಾರಣದಿಂದ. ಅಲ್ಲಿ ಶೋಕವು ಕರುಣವಾಗಿದೆ. ಆದರೆ ಶೋಕಿಸುವವನ ಕೈಯನ್ನು ಬಿಟ್ಟಿಲ್ಲ.

ಈಚಿನ ದಶಕಗಳಲ್ಲಿ ತಿದ್ದುವಿಕೆಯು ಕತ್ತಲೆ ಕೋಣೆಯಿಂದ ಕಂಪ್ಯೂಟರಿಗೆ ಸಾಗಿದೆ. ಪ್ರಶ್ನೆಯು ಮಾತ್ರ ಬದಲಾಗಿಲ್ಲ. ವಿಶ್ವ ಪತ್ರಿಕಾ ಛಾಯಾಚಿತ್ರ ಸ್ಪರ್ಧೆಯಲ್ಲಿ, ಬೀದಿಕಾಳಗದ ಚಿತ್ರಮಾಲೆಯೊಂದಕ್ಕೆ ಕೊಟ್ಟಿದ್ದ ಬಹುಮಾನವನ್ನು 2010ರಲ್ಲಿ ಹಿಂದಕ್ಕೆ ಪಡೆಯಲಾಯಿತು. ಒಂದು ಚಿತ್ರದಲ್ಲಿ ಇಣುಕುತ್ತಿದ್ದ ಪಾದದ ತುಣುಕನ್ನು ಅಳಿಸಿದುದೇ ಅಪರಾಧ. ಅದೇ ಚಿತ್ರದ ಬಣ್ಣವನ್ನು ತೆಗೆದು ಕಪ್ಪು ಬಿಳುಪಾಗಿಸಿದುದನ್ನೂ, ಬಹುಭಾಗವನ್ನು ಕತ್ತರಿಸಿ ಚಿಕ್ಕದೊಂದು ಅಂಶವನ್ನು ಮಾತ್ರ ಉಳಿಸಿದುದನ್ನೂ ತೀರ್ಪುಗಾರರು ದೋಷವೆಂದು ಎಣಿಸಲಿಲ್ಲ. 2015ರಲ್ಲಿ ಕೊನೆಯ ಸುತ್ತಿಗೆ ಮುಂಚಿನ ಹಂತವನ್ನು ಮುಟ್ಟಿದ್ದ ಚಿತ್ರಗಳಲ್ಲಿ ಶೇಕಡಾ 20ರಷ್ಟು ತಿದ್ದುಪಡಿಯ ಕಾರಣದಿಂದ ತಿರಸ್ಕೃತವಾದವು. ನಿಯಮವು ಅವಶ್ಯವೇ, ಆದರೆ ಅಳಿಸಿದ ಅಂಗುಲಗಳನ್ನು ಎಣಿಸುವ ನಿಯಮವು ಅಳಿಸಿದ ಅರ್ಥವನ್ನು ಎಣಿಸಲಾರದು.

ಬಣ್ಣದ ಮಾತೂ ಇಂಥದೇ. 1984ರ ಡಿಸೆಂಬರಿನಲ್ಲಿ ಭೋಪಾಲದ ವಿಷಾನಿಲಕ್ಕೆ ಬಲಿಯಾದ ಒಂದೇ ಮಗುವಿನ ಸಮಾಧಿಯನ್ನು ರಘು ರಾಯ್ ಅವರು ಕಪ್ಪು ಬಿಳುಪಿನಲ್ಲಿಯೂ ಪಾಬ್ಲೊ ಬಾರ್ತೊಲೊಮ್ಯೂ ಅವರು ಬಣ್ಣದಲ್ಲಿಯೂ ಚಿತ್ರಿಸಿದರು. ಎರಡನೆಯದು ಆ ವರ್ಷದ ವಿಶ್ವ ಪತ್ರಿಕಾ ಛಾಯಾಚಿತ್ರವೆಂಬ ಗೌರವವನ್ನು ಪಡೆಯಿತು. ಬಣ್ಣವು ಆ ಸಾವನ್ನು ಭೋಪಾಲದ ಮಣ್ಣಿಗೆ, ಆ ದಿನಕ್ಕೆ ಕಟ್ಟಿಹಾಕುತ್ತದೆ. ಕಪ್ಪು ಬಿಳುಪು ಅದನ್ನು ಎಲ್ಲ ಮಕ್ಕಳ ಸಾವಾಗಿಸುತ್ತದೆ. ಎರಡೂ ಸುಳ್ಳಲ್ಲ. ಆದರೆ ಎಲ್ಲರ ದುಃಖವಾದ ದುಃಖಕ್ಕೆ ಹೊಣೆಗಾರನನ್ನು ಹುಡುಕುವುದು ಕಷ್ಟ. ದಿನವೂ ಸ್ಥಳವೂ ಉಳಿದ ದುಃಖವು ಹೊಣೆಯನ್ನು ಕೇಳುತ್ತದೆ. ಆದುದರಿಂದ ಕಪ್ಪು ಬಿಳುಪನ್ನು ಆಯ್ದುಕೊಂಡ ಚಿತ್ರಕ್ಕೆ ಅಡಿಬರಹದ ಭಾರವು ಹೆಚ್ಚು.

ತಿದ್ದುವಿಕೆಯ ಕೊನೆಯ ರೂಪವೆಂದರೆ ಚಿತ್ರವನ್ನು ತೋರಿಸದಿರುವುದು. ಜಪಾನಿನ ಮಿನಮಾಟದಲ್ಲಿ ಪಾದರಸದ ವಿಷದಿಂದ ಹುಟ್ಟಿನಲ್ಲೇ ವಿಕಲಾಂಗಳಾದ ಮಗಳನ್ನು ತಾಯಿಯು ಸ್ನಾನಮಾಡಿಸುತ್ತಿರುವ ಚಿತ್ರವನ್ನು ಯೂಜೀನ್ ಸ್ಮಿತ್ 1971ರಲ್ಲಿ ತೆಗೆದನು. ಮರುವರ್ಷ ಅದು ‘ಲೈಫ್’ ಪತ್ರಿಕೆಯಲ್ಲಿ ಬಂದು ಲೋಕವನ್ನು ಕಲಕಿತು. ಮಗಳು 1977ರಲ್ಲಿ ತೀರಿಕೊಂಡಳು. ಆಕೆಗೆ ಇನ್ನಾದರೂ ವಿಶ್ರಾಂತಿ ದೊರೆಯಲೆಂಬುದು ತಂದೆತಾಯಿಗಳ ಬಯಕೆಯಾಗಿದ್ದಿತು. ಚಿತ್ರದ ಹಕ್ಕುದಾರಳಾದ ಐಲೀನ್ ಸ್ಮಿತ್ 1998ರಲ್ಲಿ ಆ ಚಿತ್ರದ ವಿಷಯವಾದ ನಿರ್ಧಾರವನ್ನು ಅವರಿಗೇ ಒಪ್ಪಿಸಿದಳು. ಲೋಕಕ್ಕೆ ಇದರಿಂದ ನಷ್ಟವಿಲ್ಲವೆನ್ನಲಾಗದು. ಆದರೆ ಇಲ್ಲಿ ತಿದ್ದಿದ ಕೈಯು ದುಃಖಿತರದೇ. ಬೇರೆ ಯಾವ ತಿದ್ದುಪಡಿಗೂ ಇಲ್ಲದ ಅಧಿಕಾರವು ಇದಕ್ಕೆ ಇರುವುದು ಅದರಿಂದಲೇ.

ಹೀಗೆ ನೋಡಿದರೆ ದೈನ್ಯದ ಚಿತ್ರವನ್ನು ತಿದ್ದುವ ಮಿತಿಯು ತಂತ್ರದಲ್ಲಿಲ್ಲ, ಔಚಿತ್ಯದಲ್ಲಿದೆ. ಇದ್ದುದನ್ನು ಸ್ಪಷ್ಟವಾಗಿ ಕಾಣಿಸುವಷ್ಟು ಬೆಳಕು ನೆರಳುಗಳ ಹೊಂದಾಣಿಕೆಯು ಉಚಿತ. ಇದ್ದುದನ್ನು ಅಳಿಸುವುದೂ ಇಲ್ಲದುದನ್ನು ಸೇರಿಸುವುದೂ ಅನುಚಿತ. ಅದು ಪೀಡಿತನ ಸಾಕ್ಷ್ಯವನ್ನು ಸಂಶಯಕ್ಕೆ ಒಡ್ಡುತ್ತದೆ. ಅಂಚನ್ನು ಕತ್ತರಿಸುವಾಗ ಕಷ್ಟದ ಕಾರಣವು ಕತ್ತರಿಸಿ ಹೋಗಬಾರದು. ವ್ಯಕ್ತಿಯ ಹೆಸರನ್ನು ಕೇಳಬೇಕು; ಬರೆಯುವುದೋ ಬಿಡುವುದೋ ಎಂಬುದನ್ನು ಆ ವ್ಯಕ್ತಿಯೇ ಹೇಳಬೇಕು. ನಿಪೋಮೋದ ಆ ತಾಯಿಗೆ ಈ ಒಂದು ಪ್ರಶ್ನೆಯನ್ನು ಹಾಕಲು ಒಂದು ನಿಮಿಷವೂ ಬೇಕಾಗಿರಲಿಲ್ಲ. ಉತ್ತರವು ದೊರೆಯಲು 42 ವರ್ಷಗಳು ಬೇಕಾದವು.