ಬೀಗ ಮಾಡಿದ ವಕೀಲ

ತಿ. ನರಸೀಪುರದ ಹಳೆಯ ತೊಟ್ಟಿಮನೆಗಳ ಬಾಗಿಲಿಗೆ ಒಳಗಿನಿಂದ ಅಗುಳಿ, ಹೊರಗಿನಿಂದ ಚಿಲಕ. ಮೂರು ವರ್ಷಕ್ಕೊಮ್ಮೆ ಕುಂಭಮೇಳ ಬಂದು ಮನೆಮಂದಿಯೆಲ್ಲ ಸಂಗಮಕ್ಕೆ ಹೊರಟರೆ ಆ ಚಿಲಕಕ್ಕೊಂದು ಬೀಗ ಬೇಕು. ಗೋದ್ರೇಜ್ ಬೀಗವಾದರೆ ಎರಡು ಸಲ ಎಳೆದು ನೋಡುವ ಗೋಜಿಲ್ಲ.

ಈ ಬೀಗದ ಕಂಪನಿ ಶುರು ಮಾಡಿದ ಆರ್ದೇಶಿರ್ ಗೋದ್ರೇಜ್ (1868–1936) ಓದಿದ್ದು ಕಾನೂನು. ಜಾಂಜಿಬಾರ್‌ನಲ್ಲಿ ಕಕ್ಷಿದಾರನಿಗಾಗಿ ಸತ್ಯ ತಿರುಚಲಾರೆನೆಂದು ವಕೀಲಿಯನ್ನೇ ಬಿಟ್ಟು ಬಂದರು. ಮುಂಬಯಿಯಲ್ಲಿ ಶಸ್ತ್ರಚಿಕಿತ್ಸೆಯ ಉಪಕರಣ ತಯಾರಿಸಿದರು. ಅವುಗಳ ಮೇಲೆ ಭಾರತದ ಹೆಸರು ಬೇಡವೆಂದ ಗಿರಾಕಿಗೆ ಮಣಿಯದೆ ಅದನ್ನೂ ಕೈಬಿಟ್ಟರು. ಇಷ್ಟು ಹಟದ ಮನುಷ್ಯ ಬೀಗವನ್ನಲ್ಲದೆ ಇನ್ನೇನು ಮಾಡಬೇಕಿತ್ತು! ನಗರದ ಕಳ್ಳತನಗಳ ಸುದ್ದಿ ಓದಿ, 1897ರಲ್ಲಿ ಮುಂಬಯಿಯ ಲಾಲ್‌ಬಾಗ್‌ನ ಶೆಡ್ಡಿನಲ್ಲಿ ಕೆಲಸ ಆರಂಭಿಸಿದರು.

ಇಂಥ ಬೀಗದ ಹೊಟ್ಟೆಯಲ್ಲಿರುವುದು ತೆಳು ಲೋಹದ ಪಟ್ಟಿಗಳು, ಅಂದರೆ ಲಿವರ್‌ಗಳು. ಕೀಲಿಕೈಯ ಪ್ರತಿ ಹಲ್ಲೂ ತನ್ನ ಪಟ್ಟಿಯನ್ನು ಅಳೆದಷ್ಟೇ ಎತ್ತಬೇಕು. ಕೂದಲೆಳೆಯಷ್ಟು ಹೆಚ್ಚಾದರೂ ಕಡಿಮೆಯಾದರೂ ಒಳಗಿನ ಗೂಟ ಜರುಗದು. ಪಟ್ಟಿ ಹೆಚ್ಚಿದಷ್ಟೂ ಕಳ್ಳನ ಕಡ್ಡಿಗೆ ಕೆಲಸ ಹೆಚ್ಚು.

ಆಮೇಲೆ ತಿಜೋರಿ, ಬೀರು, ಸೋಪು ಎಲ್ಲ ಬಂದವು. ನಾನು ಹೆಚ್ಚು ಮೆಚ್ಚುವುದು ಅವರು ತೀರಿಕೊಂಡ ಮೇಲೆ ಕಂಪನಿ ಮಾಡಿದ ಒಂದು ಕೆಲಸವನ್ನು. ಮೊದಲ ಮಹಾಚುನಾವಣೆಗೆಂದು 1951ರಲ್ಲಿ ಮುಂಬಯಿಯ ವಿಕ್ರೋಳಿಯ ಕಾರ್ಖಾನೆಯಲ್ಲಿ 12 ಲಕ್ಷಕ್ಕೂ ಹೆಚ್ಚು ಮತಪೆಟ್ಟಿಗೆ ತಯಾರಾದವು. ಹೊರಗೆ ಬೀಗ ತೂಗಿಸಿದರೆ ಖರ್ಚು ಮೀರುತ್ತಿತ್ತು. ಹಾಗಾಗಿ ಬೀಗವನ್ನು ಪೆಟ್ಟಿಗೆಯ ಒಳಗೇ ಕೂರಿಸಿದರು. ಪೆಟ್ಟಿಗೆಯ ಬೆಲೆ 5 ರೂಪಾಯಿ.