ಆಯೇಷಾ ಮರಳಿ ಹೋದದ್ದೆಲ್ಲಿಗೆ?

ಗುಂಡ್ಲುಪೇಟೆಯಿಂದ ಚಾಮರಾಜನಗರದತ್ತ ಹೊರಟರೆ ತೆರಕಣಾಂಬಿ ಸಿಗುತ್ತದೆ. ಹಳೆಯ ಕೋಟೆಯ ಕುರುಹುಗಳೂ ಪುರಾತನ ದೇವಾಲಯಗಳೂ ಇರುವ ಊರು. ಇಂತಹ ಊರಿನ ಹುಡುಗರ ಕೈಗೆ ಕೋಟೆ, ಕಂದಕ, ಮುತ್ತಿಗೆಗಳ ಕಾದಂಬರಿ ಸಿಕ್ಕರೆ ಕೇಳಬೇಕೇ? ದೂರದ ಬಂಗಾಳದ ಕೋಟೆಯೂ ಓದುತ್ತ ಓದುತ್ತ ತಮ್ಮೂರಿನದೇ ಆಗಿಬಿಡುತ್ತದೆ. ಹಿಂದಿನ ತಲೆಮಾರುಗಳಿಗೆ ಈ ಸುಖ ಕೊಟ್ಟವರಲ್ಲಿ ಬಿ. ವೆಂಕಟಾಚಾರ್ಯರು (1845-1914) ಪ್ರಮುಖರು. ಬಂಕಿಮಚಂದ್ರರು 1865ರಲ್ಲಿ ಪ್ರಕಟಿಸಿದ 'ದುರ್ಗೇಶನಂದಿನಿ'ಯನ್ನು ಅವರು ಕನ್ನಡಕ್ಕೆ ತಂದರು.

ಕಥೆ ಅಕ್ಬರನ ಕಾಲದ್ದು. ಮಾನಸಿಂಹನ ಮಗ ಜಗತ್‌ಸಿಂಹ ಬಿರುಗಾಳಿಯ ರಾತ್ರಿ ದೇವಾಲಯವೊಂದರಲ್ಲಿ ತಿಲೋತ್ತಮೆಯನ್ನು ಕಂಡು ಮನಸೋಲುತ್ತಾನೆ. ಪಠಾಣರ ದೊರೆ ಕತ್ಲುಖಾನ್ ಅವಳ ತಂದೆಯ ಕೋಟೆಯನ್ನು ಹಿಡಿಯುತ್ತಾನೆ. ಗಾಯಗೊಂಡು ಸೆರೆಯಾದ ಜಗತ್‌ಸಿಂಹನನ್ನು ಶುಶ್ರೂಷೆ ಮಾಡಿ ಬದುಕಿಸುವವಳು ಕತ್ಲುಖಾನನ ಮಗಳು ಆಯೇಷಾ. ತಾನು ಅವನನ್ನು ಪ್ರೀತಿಸುತ್ತಿರುವುದನ್ನು ತನ್ನನ್ನು ಬಯಸುವ ಉಸ್ಮಾನನ ಎದುರೇ ಅವಳು ಅಳುಕಿಲ್ಲದೆ ಹೇಳುತ್ತಾಳೆ. ಕೊನೆಗೆ ಜಗತ್‌ಸಿಂಹ ತಿಲೋತ್ತಮೆಯನ್ನು ಮದುವೆಯಾಗುತ್ತಾನೆ. ಆಯೇಷಾ ಮದುಮಗಳಿಗೆ ತನ್ನ ಒಡವೆಗಳನ್ನು ತೊಡಿಸಿ ಮರಳುತ್ತಾಳೆ. ವಿಷವಿದ್ದ ಉಂಗುರವನ್ನು ಕೈಯಲ್ಲಿ ಹಿಡಿದು ಯೋಚಿಸಿ, ಕಡೆಗೆ ಕಂದಕಕ್ಕೆ ಎಸೆದುಬಿಡುತ್ತಾಳೆ.

ಈ ಕೃತಿ ಮುಸ್ಲಿಮರನ್ನೆಲ್ಲ ಕೆಟ್ಟವರೆಂದು ಚಿತ್ರಿಸಿದೆ ಎನ್ನುವಂತಿಲ್ಲ. ಕತ್ಲುಖಾನ್ ವಿಲಾಸಿ, ಕ್ರೂರಿ, ನಿಜ. ಆದರೆ ಉಸ್ಮಾನ್ ಶೂರ. ಆಯೇಷಾಳಂತೂ ಇಡೀ ಕಥೆಯಲ್ಲೇ ಎತ್ತರದ ವ್ಯಕ್ತಿ. ಸಮಸ್ಯೆ ಇರುವುದು ಅಲ್ಲಿಯೇ. ಲೇಖಕರು ಅವಳಿಗೆ ಸಕಲ ಗುಣಗಳನ್ನೂ ಕೊಟ್ಟರು, ಬದುಕಲು ಒಂದು ಮನೆಯನ್ನು ಮಾತ್ರ ಕೊಡಲಿಲ್ಲ. ಅನ್ಯಳು ಒಳ್ಳೆಯವಳಾಗಬಹುದು, ಆದರೆ ಅವಳ ಒಳ್ಳೆಯತನ ಇನ್ನೊಬ್ಬರ ಸುಖಕ್ಕೆ ಒಡವೆಯಾಗಬೇಕು!

ಇದು ಬಂಕಿಮರೊಬ್ಬರ ಮಾತಲ್ಲ. ಸ್ಕಾಟ್ಲೆಂಡಿನ ವಾಲ್ಟರ್ ಸ್ಕಾಟ್‌ನ 'ಐವನ್ಹೋ'ದಲ್ಲಿ ಯಹೂದಿ ಯುವತಿ ರೆಬೆಕ್ಕಾ ಗಾಯಾಳು ನಾಯಕನನ್ನು ಉಪಚರಿಸುತ್ತಾಳೆ, ಅವನ ಮಡದಿಗೆ ಒಡವೆ ಕೊಡುತ್ತಾಳೆ, ದೂರ ಸರಿಯುತ್ತಾಳೆ. ಆದರೂ ರೆಬೆಕ್ಕಾಳಿಗೆ ಹೋಗಲೊಂದು ನಾಡಿತ್ತು. ಅವಳು ತಂದೆಯೊಂದಿಗೆ ಹೊರಡುವುದು ಮುಸ್ಲಿಮರ ಆಳ್ವಿಕೆಯ ಗ್ರನಾಡಾಕ್ಕೆ! ಆಯೇಷಾಳಿಗೆ ಉಳಿದದ್ದು ಕಿಟಕಿ, ಕಂದಕ ಮತ್ತು ಕತ್ತಲು.

ಕನ್ನಡದ ಮುಸ್ಲಿಮ್ ಹೆಣ್ಣು ಕಥೆಯ ನಡುಮನೆಗೆ ಬರಲು ಬಹಳ ಕಾಲ ಬೇಕಾಯಿತು. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾ ಅಂಥವಳು. ಅವಳ ಬಾಳೂ ದುರಂತವೇ. ಆದರೆ ಅದು ಅವಳದೇ ಕಥೆ, ಬೇರೆಯವರ ಮದುವೆಯ ಹಿನ್ನೆಲೆಯಲ್ಲ.

ಹಾಗೆಂದು 'ದುರ್ಗೇಶನಂದಿನಿ'ಯನ್ನು ಮಕ್ಕಳಿಂದ ಬಚ್ಚಿಡಬೇಕೇ? ಖಂಡಿತ ಬೇಡ. ಅವರು ಓದಲಿ, ಬಿರುಗಾಳಿಯ ರಾತ್ರಿಗೆ ಮೈ ಜುಮ್ಮೆನ್ನಲಿ. ಪುಸ್ತಕ ಮುಚ್ಚಿದ ಮೇಲೆ ಒಂದೇ ಪ್ರಶ್ನೆ ಕೇಳೋಣ: ಉಂಗುರ ಎಸೆದ ಮರುದಿನ ಆಯೇಷಾ ಏನು ಮಾಡಿದಳು? ಆ ಉತ್ತರವನ್ನು ಮಕ್ಕಳೇ ಬರೆಯಲಿ.