ನಂಬಿಕೆಯೊಂದರಿಂದಲೇ: ಲೂಥರನ್ ಪರಂಪರೆಯ ರಕ್ಷಣಾ ಸಿದ್ಧಾಂತ

ಮನುಷ್ಯ ದೇವರ ಮುಂದೆ ನೀತಿವಂತನೆನಿಸಿಕೊಳ್ಳುವುದು ನಂಬಿಕೆಯೊಂದರಿಂದಲೇ, ಅವನ ಕ್ರಿಯೆಗಳಿಗೆ ಅದರಲ್ಲಿ ಪಾಲಿಲ್ಲ ಎಂಬುದು ಲೂಥರನ್ ಪರಂಪರೆಯ ಮೂಲ ಸಿದ್ಧಾಂತ. 1530ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ಎದುರು ಓದಿದ ಆಗ್ಸ್‌ಬರ್ಗ್ ವಿಶ್ವಾಸ ನಿವೇದನೆಯ ನಾಲ್ಕನೆಯ ವಿಧಿ ಇದನ್ನು ಕೆಲವೇ ಸಾಲುಗಳಲ್ಲಿ ಹೇಳಿ ಮುಗಿಸುತ್ತದೆ. ಅದೇ ದಾಖಲೆಯ ಇಪ್ಪತ್ತನೆಯ ವಿಧಿ ಮಾತ್ರ ಉದ್ದವಾಗಿದೆ. ಒಳ್ಳೆಯ ಕೆಲಸಗಳನ್ನು ತಾವು ಬೇಡವೆನ್ನುತ್ತಿಲ್ಲ ಎಂದು ವಾದಿಸಲು ಅಷ್ಟು ಜಾಗ ಬೇಕಾಯಿತು. ಸಿದ್ಧಾಂತ ಚಿಕ್ಕದು, ಅದಕ್ಕೆ ಕೊಡಬೇಕಾದ ಸಮಜಾಯಿಷಿ ದೊಡ್ಡದು. ಈ ಪರಂಪರೆಯ ಐದು ಶತಮಾನಗಳ ಚರಿತ್ರೆ ಬಹುಮಟ್ಟಿಗೆ ಆ ಸಮಜಾಯಿಷಿಯ ಚರಿತ್ರೆಯೇ.

ವಿವಾದದ ಬೇರು ಹೊಸ ಒಡಂಬಡಿಕೆಯಲ್ಲೇ ಇದೆ. ರೋಮಾಪುರದವರಿಗೂ ಗಲಾತ್ಯದವರಿಗೂ ಬರೆದ ಪತ್ರಿಕೆಗಳಲ್ಲಿ ಪೌಲ, ಧರ್ಮಶಾಸ್ತ್ರದ ಕ್ರಿಯೆಗಳು ಯಾರನ್ನೂ ನೀತಿವಂತರನ್ನಾಗಿ ಮಾಡಲಾರವು, ಕ್ರಿಸ್ತನಲ್ಲಿಟ್ಟ ನಂಬಿಕೆ ಮಾಡಬಲ್ಲದು ಎಂದು ವಾದಿಸುತ್ತಾನೆ. ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯ ಇದಕ್ಕೆ ಎದುರು ನಿಂತಂತೆ ಕಾಣುತ್ತದೆ. ಅಲ್ಲಿ ಕ್ರಿಯೆಯಿಲ್ಲದ ನಂಬಿಕೆಗೆ ಜೀವವೇ ಇಲ್ಲ. ಸ್ವಾರಸ್ಯವೆಂದರೆ ಇಬ್ಬರೂ ಸಾಕ್ಷಿಗೆ ಕರೆಯುವುದು ಅಬ್ರಹಾಮನನ್ನೇ. ಸುನ್ನತಿಗೂ ಮುಂಚೆ ಅವನು ದೇವರ ವಾಗ್ದಾನವನ್ನು ನಂಬಿದ ಆದಿಕಾಂಡ 15ರ ಪ್ರಸಂಗ ಪೌಲನಿಗೆ ಆಧಾರ. ಯಾಕೋಬ ಅದನ್ನು ಒಪ್ಪಿಕೊಂಡೇ 22ನೆಯ ಅಧ್ಯಾಯಕ್ಕೆ ಹೋಗುತ್ತಾನೆ. ಮಗ ಇಸಾಕನನ್ನು ಬಲಿಪೀಠದ ಮೇಲೆ ಮಲಗಿಸಿದಾಗ ಆ ನಂಬಿಕೆ ಪೂರ್ಣವಾಯಿತು ಎನ್ನುತ್ತಾನೆ. ಇಬ್ಬರ ಎದುರಾಳಿಗಳು ಬೇರೆ ಬೇರೆ ಎಂಬುದನ್ನೂ ಗಮನಿಸಬೇಕು. ಪೌಲ ಜಗಳವಾಡುತ್ತಿರುವುದು ಅನ್ಯಜನರಿಂದ ಬಂದ ಕ್ರೈಸ್ತರಿಗೂ ಸುನ್ನತಿ ಆಗಲೇಬೇಕು ಎನ್ನುವವರೊಂದಿಗೆ. ಯಾಕೋಬನಿಗೆ ಸಿಟ್ಟು ಬಂದಿರುವುದು ಹಸಿದು ಬಂದ ಸಹೋದರನನ್ನು ಬರಿಯ ಹಾರೈಕೆಯ ಮಾತಿನಿಂದ ಸಾಗಹಾಕುವವರ ಮೇಲೆ.

ಲೂಥರ್‌ಗೆ ಮುಂಚಿನ ಸಭೆ ಕ್ರಿಯೆಯಿಂದಲೇ ರಕ್ಷಣೆ ಎಂದು ಬೋಧಿಸುತ್ತಿತ್ತೆಂಬ ಮಾತು ಪ್ರಾಟೆಸ್ಟೆಂಟ್ ಬರಹಗಳಲ್ಲಿ ಆಗಾಗ ಸಿಗುತ್ತದೆ. ಅದು ಸರಿಯಲ್ಲ. ಮನುಷ್ಯ ಸ್ವಸಾಮರ್ಥ್ಯದಿಂದ ದೇವರ ಆಜ್ಞೆಗಳನ್ನು ಪಾಲಿಸಬಲ್ಲ ಎಂದ ಪೆಲಾಜಿಯಸ್‌ನ ಬೋಧನೆಯನ್ನು 418ರಲ್ಲೇ ಕಾರ್ಥೇಜ್ ಸಮ್ಮೇಳನ ತಳ್ಳಿಹಾಕಿತ್ತು. ಅದರ ಹಿಂದೆ ಅಗಸ್ಟೀನನ ದೀರ್ಘ ವಾದವಿತ್ತು. ಕೃಪೆಯೇ ಮೊದಲು ಎಂಬುದರಲ್ಲಿ ಅಧಿಕೃತ ಬೋಧನೆಗೆ ಸಂಶಯವಿರಲಿಲ್ಲ. ಆದರೆ ಮಧ್ಯಯುಗದ ಕೊನೆಯಲ್ಲಿ ಟ್ಯೂಬಿಂಗನ್‌ನ ಗೇಬ್ರಿಯಲ್ ಬೀಲ್‌ನಂಥ ಪಂಡಿತರು, ತನ್ನಿಂದ ಆದಷ್ಟನ್ನು ಮಾಡಿದವನಿಗೆ ದೇವರು ಕೃಪೆಯನ್ನು ನಿರಾಕರಿಸುವುದಿಲ್ಲ ಎಂದು ಬೋಧಿಸಿದರು. ಕೇಳಲು ಇದು ಉದಾರವಾದ ಮಾತು. ಎರ್ಫರ್ಟ್‌ನ ಅಗಸ್ಟೀನಿಯನ್ ಮಠದಲ್ಲಿದ್ದ ಯುವಕ ಮಾರ್ಟಿನ್ ಲೂಥರ್‌ಗೆ ಮಾತ್ರ ಅದು ಹಿಂಸೆಯಾಯಿತು. ಆದಷ್ಟನ್ನು ಮಾಡಿದ್ದೇನೆಂದು ಪ್ರಾಮಾಣಿಕನಾದವನು ಯಾವಾಗ ಹೇಳಬಲ್ಲ? ಪಾಪನಿವೇದನೆ ಮುಗಿಸಿ ಬಂದರೂ ಹೇಳದೆ ಉಳಿದ ಪಾಪದ ಚಿಂತೆ ಅವನನ್ನು ಬಿಡುತ್ತಿರಲಿಲ್ಲ. ಇದರ ಮೇಲೆ, ರೋಮಿನ ಸಂತ ಪೇತ್ರರ ಮಹಾದೇವಾಲಯದ ನಿರ್ಮಾಣಕ್ಕೂ ಆರ್ಚ್‌ಬಿಷಪ್ ಆಲ್ಬ್ರೆಖ್ಟನ ಸಾಲ ತೀರಿಸುವುದಕ್ಕೂ ಟೆಟ್ಸೆಲ್ ಪಾಪವಿಮೋಚನಾ ಪತ್ರಗಳನ್ನು ಮಾರುತ್ತಿದ್ದ. 1517ರ ಅಕ್ಟೋಬರ್ 31ರ ಲೂಥರ್‌ನ 95 ವಾದಾಂಶಗಳು ಹುಟ್ಟಿದ್ದು ಈ ಸನ್ನಿವೇಶದಲ್ಲಿ.

ಲೂಥರ್ ಕಂಡುಕೊಂಡ ಉತ್ತರದ ನಿಜವಾದ ಹೊಸತನ ಕ್ರಿಯೆಗಳನ್ನು ತೆಗೆದುಹಾಕಿದ್ದರಲ್ಲಿ ಇಲ್ಲ, ಅವುಗಳ ವಿಳಾಸ ಬದಲಿಸಿದ್ದರಲ್ಲಿ ಇದೆ. 1520ರಲ್ಲಿ ಅವನು ಕ್ರೈಸ್ತನ ಸ್ವಾತಂತ್ರ್ಯವನ್ನು ಕುರಿತ ಕಿರುಹೊತ್ತಗೆ ಬರೆದ. ಅದೇ ವರ್ಷ ಸತ್ಕ್ರಿಯೆಗಳನ್ನು ಕುರಿತೇ ಇನ್ನೊಂದು ದೊಡ್ಡ ಗ್ರಂಥವನ್ನೂ ಬರೆದ. ಎರಡನ್ನೂ ಜೊತೆಗಿಟ್ಟು ಓದುವವರು ಕಡಿಮೆ. ಅವನ ತರ್ಕ ಹೀಗೆ ಸಾಗುತ್ತದೆ: ದೇವರಿಗೆ ಮನುಷ್ಯನ ಒಳ್ಳೆಯ ಕೆಲಸಗಳಿಂದ ಆಗಬೇಕಾದದ್ದೇನೂ ಇಲ್ಲ, ಆಗಬೇಕಾದದ್ದು ನೆರೆಯವನಿಗೆ. ಸ್ವರ್ಗದ ಲೆಕ್ಕಪುಸ್ತಕಕ್ಕೆಂದು ಕೊಟ್ಟ ಭಿಕ್ಷೆ ಬಡವನಿಗಾಗಿ ಕೊಟ್ಟದ್ದಲ್ಲ, ಕೊಟ್ಟವನಿಗಾಗಿ ಕೊಟ್ಟದ್ದು. ರಕ್ಷಣೆ ಉಚಿತವಾಗಿ ದೊರೆತ ಮೇಲೆ ಮಾತ್ರ ಮನುಷ್ಯ ಇನ್ನೊಬ್ಬನಿಗೆ ಸ್ವಾರ್ಥವಿಲ್ಲದೆ ಏನಾದರೂ ಮಾಡಬಲ್ಲ. ಇದರ ಫಲ ಸಮಾಜದಲ್ಲೂ ಕಾಣಿಸಿತು. ಮಠದ ವ್ರತಕ್ಕಿದ್ದ ಮೇಲ್ಮೆ ಹೋಗಿ, ಚಮ್ಮಾರನ ಕೆಲಸವೂ ತಾಯಿಯ ಮನೆಗೆಲಸವೂ ದೇವರು ಒಪ್ಪಿಸಿದ ಕಾಯಕದ ಗೌರವ ಪಡೆದವು. ಸ್ಯಾಕ್ಸನಿಯ ಲೈಸ್ನಿಗ್ ಪಟ್ಟಣ ಸಭೆಯ ಆದಾಯವನ್ನು ಒಂದು ಸಾಮೂಹಿಕ ಪೆಟ್ಟಿಗೆಗೆ ಹಾಕಿ ಬಡವರಿಗೂ ಶಾಲೆಗೂ ಹಂಚುವ ಕಟ್ಟಳೆ ಮಾಡಿದಾಗ, 1523ರಲ್ಲಿ ಅದಕ್ಕೆ ಮುನ್ನುಡಿ ಬರೆದವನು ಲೂಥರ್. ನಂಬಿಕೆಯೊಂದೇ ಎಂಬ ಬೋಧನೆ ಜನರನ್ನು ಸೋಮಾರಿಗಳನ್ನಾಗಿಸುತ್ತದೆ ಎಂಬ ಆಕ್ಷೇಪಕ್ಕೆ ಇದಕ್ಕಿಂತ ಗಟ್ಟಿಯಾದ ಉತ್ತರವನ್ನು ಈ ಪರಂಪರೆ ಮುಂದೆಯೂ ಕೊಡಲಿಲ್ಲ.

ಆದರೆ ಉತ್ತರದಲ್ಲಿ ಒಂದು ಬಿರುಕಿದೆ. ನಂಬಿಕೆ ತಾನಾಗಿಯೇ ಒಳ್ಳೆಯ ಕೆಲಸಗಳನ್ನು ಹೆರುತ್ತದೆ ಎಂಬ ಭರವಸೆಯ ಮೇಲೆ ಎಲ್ಲವೂ ನಿಂತಿದೆ. ಹೆರದಿದ್ದರೆ? ಆಗ ಅದು ನಿಜವಾದ ನಂಬಿಕೆಯಲ್ಲ ಎನ್ನಬೇಕಾಗುತ್ತದೆ. ಹಾಗೆಂದ ಕೂಡಲೇ ತನ್ನ ನಂಬಿಕೆ ನಿಜವೋ ಅಲ್ಲವೋ ಎಂದು ತಿಳಿಯಲು ಮನುಷ್ಯ ಮತ್ತೆ ತನ್ನ ಕೆಲಸಗಳನ್ನೇ ಎಣಿಸತೊಡಗುತ್ತಾನೆ. ಲೂಥರ್ ಯಾವ ಚಿಂತೆಯಿಂದ ಬಿಡಿಸಹೊರಟಿದ್ದನೋ ಅದೇ ಚಿಂತೆ ಹಿಂಬಾಗಿಲಿಂದ ಒಳಬರುತ್ತದೆ. ಯಾಕೋಬನ ಪತ್ರಿಕೆಯ ಮೇಲೆ ಅವನಿಗಿದ್ದ ಅಸಹನೆಗೂ ಇದಕ್ಕೂ ಸಂಬಂಧವಿರಬೇಕು. 1522ರ ಜರ್ಮನ್ ಹೊಸ ಒಡಂಬಡಿಕೆಯಲ್ಲಿ ಅದನ್ನು ಹುಲ್ಲಿನ ಪತ್ರಿಕೆಯೆಂದು ಹಳಿದು, ಇನ್ನು ಮೂರು ಪುಸ್ತಕಗಳೊಂದಿಗೆ ಕೊನೆಗೆ ತಳ್ಳಿದ. ಶಾಸ್ತ್ರವೊಂದೇ ಪ್ರಮಾಣ ಎಂದವನೇ ಶಾಸ್ತ್ರದ ಒಂದು ಭಾಗವನ್ನು ಹೀಗೆ ನಡೆಸಿಕೊಂಡದ್ದು ಅವನ ನಿಲುವಿನ ದುರ್ಬಲ ಕೊಂಡಿ.

ಬಿರುಕು ಅಗಲವಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. 1530ರ ದಶಕದಲ್ಲೇ ಜೊಹಾನ್ ಅಗ್ರಿಕೋಲ, ಕ್ರೈಸ್ತರಿಗೆ ಧರ್ಮಶಾಸ್ತ್ರದ ಬೋಧನೆಯೇ ಬೇಕಿಲ್ಲ ಎಂದ. ಲೂಥರ್ ತನ್ನ ಗೆಳೆಯನ ವಿರುದ್ಧವೇ ವಾದಕ್ಕಿಳಿಯಬೇಕಾಯಿತು. ಲೂಥರ್‌ನ ಮರಣಾನಂತರ ಜಾರ್ಜ್ ಮೇಯೊರ್ ರಕ್ಷಣೆಗೆ ಸತ್ಕ್ರಿಯೆಗಳು ಅವಶ್ಯ ಎಂದರೆ, ನಿಕೊಲಸ್ ಫಾನ್ ಆಮ್ಸ್‌ಡಾರ್ಫ್ ಅವು ರಕ್ಷಣೆಗೆ ಹಾನಿಕರ ಎಂಬಲ್ಲಿಗೆ ಹೋದ. 1577ರ ಲೂಥರನ್ ಒಮ್ಮತದ ಸೂತ್ರ ಎರಡೂ ಮಾತುಗಳನ್ನು ನಿರಾಕರಿಸಿತು: ಸತ್ಕ್ರಿಯೆಗಳು ಅವಶ್ಯ, ಆದರೆ ರಕ್ಷಣೆಗೆ ಅವಶ್ಯವಲ್ಲ. ಸಭೆಯ ಶಾಂತಿಗೆ ಇದು ಒಳ್ಳೆಯ ರಾಜಿ. ಪ್ರಶ್ನೆಗೆ ಉತ್ತರವೇ ಎಂದರೆ ಅಷ್ಟು ಸುಲಭವಾಗಿ ಹೌದೆನ್ನಲಾಗದು.

ಕ್ಯಾಥೊಲಿಕರೊಂದಿಗೆ ಒಮ್ಮೆ ಒಪ್ಪಂದ ಹತ್ತಿರ ಬಂದಿತ್ತು. 1541ರಲ್ಲಿ ರೇಗೆನ್ಸ್‌ಬರ್ಗ್‌ನ ಮಾತುಕತೆಯಲ್ಲಿ ಸುಧಾರಕರಾದ ಮೆಲಾಂಕ್ಟನ್, ಬೂಸರ್ ಮತ್ತು ಕ್ಯಾಥೊಲಿಕ್ ಪಂಡಿತ ಎಕ್ ಈ ವಿಷಯದ ಮೇಲೆ ಒಂದೇ ಕರಡಿಗೆ ಒಪ್ಪಿದರು, ಕಾರ್ಡಿನಲ್ ಕೊಂತಾರಿನಿಯೂ ಅದರ ಹಿಂದಿದ್ದ. ರೋಮ್ ಅದನ್ನು ಅಂಗೀಕರಿಸಲಿಲ್ಲ, ಲೂಥರ್‌ಗೂ ಹಿಡಿಸಲಿಲ್ಲ. 1547ರ ಜನವರಿ 13ರಂದು ಟ್ರೆಂಟ್ ಮಹಾಸಭೆಯ ಆರನೆಯ ಅಧಿವೇಶನ ಹದಿನಾರು ಅಧ್ಯಾಯಗಳೂ ಮೂವತ್ಮೂರು ನಿಯಮಗಳೂ ಇರುವ ಶಾಸನವನ್ನು ಹೊರಡಿಸಿತು. ಅದರ ಮೊದಲನೆಯ ನಿಯಮ ಖಂಡಿಸುವುದು ಕೃಪೆಯಿಲ್ಲದೆ ಸ್ವಕ್ರಿಯೆಯಿಂದಲೇ ನೀತಿವಂತನಾಗಬಹುದು ಎನ್ನುವವರನ್ನು. ನಂಬಿಕೆಯೊಂದೇ ಸಾಕೆನ್ನುವವರ ಖಂಡನೆ ಒಂಬತ್ತನೆಯದರಲ್ಲಿ ಬರುತ್ತದೆ. ಟ್ರೆಂಟ್‌ನ ಪ್ರಕಾರ ದೇವರು ಪಾಪಿಯನ್ನು ಕ್ಷಮಿಸುವುದಷ್ಟೇ ಅಲ್ಲ, ಒಳಗಿನಿಂದ ಹೊಸಬನನ್ನಾಗಿ ಮಾಡುತ್ತಾನೆ. ಆ ನೀತಿ ಸತ್ಕ್ರಿಯೆಗಳಿಂದ ಬೆಳೆಯುತ್ತದೆ, ಘೋರ ಪಾಪದಿಂದ ಕಳೆದುಹೋಗುತ್ತದೆ. ಲೂಥರನ್ನರಿಗೆ ಕ್ರೈಸ್ತನು ಕೊನೆಯವರೆಗೂ ಏಕಕಾಲಕ್ಕೆ ನೀತಿವಂತನೂ ಪಾಪಿಯೂ ಹೌದು. ನಿಜವಾದ ಭಿನ್ನಮತ ಇಲ್ಲಿದೆ, ಕ್ರಿಯೆ ಬೇಕೋ ಬೇಡವೋ ಎಂಬಲ್ಲಿ ಅಲ್ಲ.

ಹದಿನೇಳನೆಯ ಶತಮಾನದ ಹೊತ್ತಿಗೆ ಸಿದ್ಧಾಂತ ಪಂಡಿತರ ಪಾಠವಾಗಿ, ಭಾನುವಾರ ಕೇಳಿ ಸೋಮವಾರ ಮರೆಯುವಂಥದಾಗಿತ್ತು. 1675ರಲ್ಲಿ ಫಿಲಿಪ್ ಸ್ಪೇನರ್ ಇದನ್ನು ಟೀಕಿಸಿ ಬರೆದ ಪುಸ್ತಕ ಪಿಯೆಟಿಸಂ ಎಂಬ ಭಕ್ತಿ ಚಳವಳಿಗೆ ನಾಂದಿಯಾಯಿತು. ಅದರ ಹಾಲೆ ಕೇಂದ್ರದಲ್ಲಿ ಆಗುಸ್ಟ್ ಫ್ರಾಂಕೆ ಅನಾಥಾಲಯ ಕಟ್ಟಿದ. ಅಲ್ಲಿಂದ ಹೊರಟ ಮಿಶನರಿ ತ್ಸೀಗನ್‌ಬಾಲ್ಗ್ 1706ರಲ್ಲಿ ತರಂಗಂಬಾಡಿಗೆ ಬಂದಿಳಿದ. ಕರ್ನಾಟಕಕ್ಕೆ ಈ ವಿಚಾರಧಾರೆ ತಲುಪಿದ್ದು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಮೂಲಕ. ರಕ್ಷಣೆ ಕೃಪೆಯಿಂದ ಮಾತ್ರ ಎಂದು ಸಾರಿದ ಮಿಶನ್, ಸಭೆಯ ಶಿಸ್ತಿನಲ್ಲಿ ಕಟ್ಟುನಿಟ್ಟಾಗಿತ್ತು. ಮತಾಂತರಗೊಂಡು ಕುಲಕಸುಬು ಕಳೆದುಕೊಂಡವರಿಗಾಗಿ ನೇಯ್ಗೆ ಶಾಲೆಗಳನ್ನೂ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ಸ್ಥಾಪಿಸಿತು. ಬೋಧನೆಯಲ್ಲಿ ಕ್ರಿಯೆಗೆ ಸ್ಥಾನವಿಲ್ಲದ ಕಡೆ ದಿನಚರಿಯಲ್ಲಿ ಅದೇ ಪ್ರಧಾನವಾಗುವುದು ಪಿಯೆಟಿಸಂ ಇದ್ದಲ್ಲೆಲ್ಲ ಕಾಣುವ ಲಕ್ಷಣ.

ಒಳಗಿನಿಂದಲೇ ಬಂದ ಅತ್ಯಂತ ಕಠಿಣ ವಿಮರ್ಶೆ ಜರ್ಮನ್ ಪಾದ್ರಿ ಡೀಟ್ರಿಖ್ ಬಾನ್‌ಹಾಫರನದು. ಜರ್ಮನಿಯ ಸಭೆಗಳಲ್ಲಿ ಬಹಳಷ್ಟು ಹಿಟ್ಲರನಿಗೆ ತಲೆಬಾಗಿದ್ದ ಕಾಲದಲ್ಲಿ, 1937ರ ಪುಸ್ತಕವೊಂದರಲ್ಲಿ ಅವನು ಅಗ್ಗದ ಕೃಪೆಯನ್ನು ಸಭೆಯ ಶತ್ರುವೆಂದು ಕರೆದ. ಅನುಸರಣೆಯಿಲ್ಲದ ಕ್ಷಮೆಯನ್ನು ಹಂಚುತ್ತ ಲೂಥರನ್ನರು ಲೂಥರ್‌ನನ್ನೇ ಕಳೆದುಕೊಂಡರು ಎಂಬುದು ಅವನ ಆರೋಪ. 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬ್ಯೂರ್ಗ್ ಶಿಬಿರದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು.

ವಿದ್ವತ್ತಿನ ಹೊಡೆತ ಬೇರೆ ದಿಕ್ಕಿನಿಂದ ಬಂತು. ಸ್ವೀಡನ್ನಿನ ಲೂಥರನ್ ವಿದ್ವಾಂಸ ಕ್ರಿಸ್ಟರ್ ಸ್ಟೆಂಡಾಲ್, ಲೂಥರ್ ತನ್ನ ಅಂತಸ್ಸಾಕ್ಷಿಯ ತಳಮಳವನ್ನು ಪೌಲನ ಮೇಲೆ ಹೇರಿದನೆಂದು 1963ರಲ್ಲಿ ವಾದಿಸಿದ. 1977ರಲ್ಲಿ ಇ. ಪಿ. ಸ್ಯಾಂಡರ್ಸ್, ಪೌಲನ ಕಾಲದ ಯೆಹೂದ್ಯ ಧರ್ಮ ಪುಣ್ಯ ಸಂಪಾದನೆಯ ಧರ್ಮವಾಗಿರಲಿಲ್ಲ, ಅಲ್ಲಿಯೂ ದೇವರ ಆಯ್ಕೆಯೇ ಮೊದಲಾಗಿತ್ತು ಎಂದು ತೋರಿಸಿದ. ಇದನ್ನು ಒಪ್ಪಿದರೆ ಪೌಲನ ಎದುರಾಳಿಗಳಲ್ಲಿ ಲೂಥರ್ ಕಂಡದ್ದು ತನ್ನ ಕಾಲದ ಟೆಟ್ಸೆಲ್‌ನನ್ನು. ಆದರೂ ಸಿದ್ಧಾಂತ ಪೂರ್ತಿ ಬಿದ್ದುಹೋಗುವುದಿಲ್ಲ. ಮನುಷ್ಯನಿಗೆ ಹೆಮ್ಮೆಪಡಲು ಎಡೆಯಿಲ್ಲ ಎಂಬ ಪೌಲನ ಮಾತು ಸುನ್ನತಿಯ ವಿವಾದಕ್ಕಿಂತ ಅಗಲವಾದದ್ದು.

1999ರ ಅಕ್ಟೋಬರ್ 31ರಂದು ಲೂಥರನ್ ವಿಶ್ವ ಒಕ್ಕೂಟ ಮತ್ತು ಕ್ಯಾಥೊಲಿಕ್ ಸಭೆ ಆಗ್ಸ್‌ಬರ್ಗ್‌ನಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದವು. ರಕ್ಷಣೆ ಕೃಪೆಯಿಂದ, ಮನುಷ್ಯನ ಅರ್ಹತೆಯಿಂದಲ್ಲ; ಸತ್ಕ್ರಿಯೆಗಳು ಅದರ ಫಲ ಎಂಬಲ್ಲಿ ಎರಡೂ ಒಂದಾದವು. ಮೆಥೊಡಿಸ್ಟರು 2006ರಲ್ಲಿ, ರಿಫಾರ್ಮ್ಡ್ ಸಭೆಗಳ ಒಕ್ಕೂಟ 2017ರಲ್ಲಿ ಇದಕ್ಕೆ ಸೇರಿಕೊಂಡವು. ಜರ್ಮನಿಯ ನೂರಕ್ಕೂ ಹೆಚ್ಚು ಪ್ರಾಟೆಸ್ಟೆಂಟ್ ಪ್ರಾಧ್ಯಾಪಕರು ಮೊದಲೇ ಪ್ರತಿಭಟಿಸಿದ್ದರು. ಅಮೆರಿಕದ ಮಿಸೌರಿ ಸಿನಡ್ ಇಂದಿಗೂ ಒಪ್ಪಿಲ್ಲ. ಅವರ ಆಕ್ಷೇಪದಲ್ಲಿ ಹುರುಳಿದೆ: ಕ್ರೈಸ್ತನಲ್ಲಿ ಉಳಿಯುವುದು ಪಾಪವೇ ಅಥವಾ ಪಾಪದ ಒಲವು ಮಾತ್ರವೇ ಎಂಬ ಹಳೆಯ ಭಿನ್ನಮತಕ್ಕೆ ಘೋಷಣೆ ಎರಡು ವಿವರಣೆಗಳನ್ನು ಪಕ್ಕಪಕ್ಕ ಇಟ್ಟು ಮುಂದೆ ಸಾಗುತ್ತದೆ. ರಕ್ಷಣೆಯನ್ನು ವ್ಯಾಪಾರವಾಗಲು ಬಿಡದ ಕಾವಲು ನಿಯಮವಾಗಿ ನಂಬಿಕೆಯೊಂದೇ ಎಂಬ ಸೂತ್ರ ಗೆದ್ದಿದೆ. ಕ್ರೈಸ್ತ ಬದುಕಿನ ಪೂರ್ಣ ವಿವರಣೆಯಾಗಿ ಗೆದ್ದಿಲ್ಲ. ಟ್ರೆಂಟ್‌ನ ಖಂಡನೆಗಳನ್ನು 1999ರ ಘೋಷಣೆ ಹಿಂತೆಗೆದುಕೊಂಡಿಲ್ಲ. ತನ್ನಲ್ಲಿ ವಿವರಿಸಿರುವ ಲೂಥರನ್ ಬೋಧನೆಗೆ ಅವು ತಗಲುವುದಿಲ್ಲ ಎಂದಷ್ಟೇ ಹೇಳಿದೆ.